ಕೆಂಡದ ಮೇಲಿನ ಹನ್ನೆರಡು ಕರಡಿಗೆ

ನಾನು ನಿಂತಿದ್ದದ್ದು ಇಳಕಲ್ಲಿನ ನಮ್ಮ ಹಳೆಯ ಮನೆಯಲ್ಲಿ, ಪಡಸಾಲೆಗೂ ಕೆಲಸದ ಕೋಣೆಗೂ ನಡುವಿನ ಹೊಸ್ತಿಲ ಒಳಬದಿಗೆ, ಬಲಗೈಯನ್ನು ಬಾಗಿಲ ಚೌಕಟ್ಟಿನ ಮೇಲಿಟ್ಟುಕೊಂಡು. ವೈಶಾಖದ ಒಂದು ಮಂಗಳವಾರ. ಮಧ್ಯಾಹ್ನದ ಊಟಕ್ಕೆ ಅವ್ವ ಇನ್ನೂ ತಾಟು ಹಾಕಿರಲಿಲ್ಲ. ನನಗೆ ಹತ್ತು ತುಂಬಿತ್ತು, ಐದನೇ ಇಯತ್ತೆಯ ಪರೀಕ್ಷೆ ಮುಗಿದು ಸೂಟಿ ಬಿಟ್ಟಿದ್ದರು. ಇಷ್ಟನ್ನು ಮೊದಲೇ ಬರೆದಿಡುತ್ತೇನೆ. ಮುಂದೆ ಹೇಳುವುದೆಲ್ಲ ನಾನು ಆ ಜಾಗದಿಂದ ಕಂಡಷ್ಟೇ. ಕಾಣದ್ದನ್ನು ಕಂಡೆನೆಂದು ಹೇಳಲಾರೆ.

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೊರಗೆ ತೆಗೆದದ್ದು ಒಂದು ಸಣ್ಣ ಸಪ್ಪಳ. ಕಳೆದ ತಿಂಗಳು ಬಾಗಲಕೋಟೆಯ ನವನಗರದಲ್ಲಿ ಅಪ್ಪನ ತಮ್ಮ ಮಾನಪ್ಪ ಕಾಕಾನ ಮಗಳು ಸವಿತಾ ನನ್ನ ಮುಂದೆ ಬೆಳ್ಳಿಯ ಮೂರು ಕರಡಿಗೆ ಇಟ್ಟಳು. ಲಿಂಗ ಕಟ್ಟಿಕೊಂಡವರು ಅದನ್ನು ಒಳಗಿಟ್ಟು ಕೊರಳಲ್ಲಿ ಧರಿಸುವ ಗುಂಡನೆಯ ಭರಣಿಗಳು. ಅವಳು ಬೆಳ್ಳಿ ಒಡವೆಗಳ ಸ್ವಂತ ಬ್ರ್ಯಾಂಡ್ ಶುರು ಮಾಡುವವಳಿದ್ದಾಳೆ. ಒಂದು, ದೂರದ ಕಾರ್ಖಾನೆಯಲ್ಲಿ ಎರಕ ಹೊಯ್ದದ್ದು. ಇನ್ನೊಂದು, ಯಂತ್ರದ ಅಚ್ಚಿನಲ್ಲಿ ಒತ್ತಿದ್ದು. ಮೂರನೆಯದು ನಮ್ಮ ಅಜ್ಜ ಕಾಳಪ್ಪ ಕೈಯಿಂದ ಬಡಿದು ಮಾಡಿದ್ದು. ಮೂರರಲ್ಲಿ ಯಾವ ದಾರಿ ಹಿಡಿಯಬೇಕೆಂದು ಅವಳು ಕೇಳುತ್ತಿದ್ದಳು. ಮಾತಿನ ನಡುವೆ ಒತ್ತಿದ ಕರಡಿಗೆಯ ಮುಚ್ಚಳ ಹಾಕಿದಳು. ಟಪ್ ಎಂದಿತು. ನಾನು ಕೈಯಲ್ಲಿ ಹಿಡಿದಿದ್ದ ಅಜ್ಜನ ಕರಡಿಗೆಯನ್ನು ಕೆಳಗಿಟ್ಟೆ.

ಅವಳ ಮನಸ್ಸು ಇದ್ದದ್ದು ಕೈಕೆಲಸದ ಮೇಲೆ. ಆ ಕೆಲಸ ಬಲ್ಲವರು ನಮ್ಮ ಮನೆತನದಲ್ಲಿ ಉಳಿದಿರುವುದು ಅವಳ ಅಪ್ಪ ಒಬ್ಬನೇ. ಅವನು ಬಸ್ಸಿನ ಕಂಡಕ್ಟರ್ ಆಗಿ ದುಡಿದು ನಿವೃತ್ತನಾದವನು, ಸುತ್ತಿಗೆ ಹಿಡಿಯದೆ ನಲವತ್ತು ವರ್ಷವಾಯಿತು. "ಅಕ್ಕಾ, ಅಪ್ಪ ನಾಕ ಹುಡಿಗ್ಯಾರಿಗೆ ಕಲಿಸಿದ್ರ ಸಾಕು, ಕೈಲೇನ ಮಾಡಿಸ್ತೇನಿ. ಕೇಳಿದ್ರ ನನ್ನ ಕೈಗುಣ ಚಲೋ ಇಲ್ಲವಾ ಅಂತಾನ. ಎದ್ದ ಹೋಗ್ತಾನ. ಈ ಕೈಗುಣದ ಕಥಿ ಏನು?" ಎಂದಳು. ಕಾಕಾ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ. ನೀರು ಬೀಳುವ ಸಪ್ಪಳ ಒಳಗೆ ಕೇಳುತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದು ಬಂದೆ.

ಆ ಮನೆ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಆಗ ನಮ್ಮ ಓಣಿಯಲ್ಲಿ ಬೆಳಗಾದರೆ ಎರಡೂ ಬದಿಯ ಮನೆಗಳಿಂದ ಮಗ್ಗದ ಸಪ್ಪಳ ಬರುತ್ತಿತ್ತು, ಅದರ ನಡುವೆ ನಮ್ಮ ಮನೆಯ ಸುತ್ತಿಗೆಯ ಸಣ್ಣ ದನಿ. ಕೆಲಸದ ಕೋಣೆಯಲ್ಲಿ ಅರಗಿನ ವಾಸನೆ, ಬಿಳಿಗಾರದ ವಾಸನೆ, ಬೆಳ್ಳಿ ಬೆಳಗಲು ಅವ್ವ ಕುದಿಸುತ್ತಿದ್ದ ಹುಣಸೆ ನೀರಿನ ಹುಳಿ ವಾಸನೆ ಒಂದರೊಳಗೊಂದು ಸೇರಿಕೊಂಡು ಗೋಡೆಗೇ ಹತ್ತಿದ್ದವು. ಅಜ್ಜ ಒಂದು ಕರಡಿಗೆಗೆ ನಾಲ್ಕು ದಿನ ತೆಗೆದುಕೊಳ್ಳುತ್ತಿದ್ದ. ತಗಡನ್ನು ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು, ಬಟ್ಟಲಿನಂತೆ ಎಬ್ಬಿಸುತ್ತಿದ್ದ. ಒಂದರ ಹೊಟ್ಟೆ ತುಸು ಹೆಚ್ಚು ಉಬ್ಬುತ್ತಿತ್ತು, ಇನ್ನೊಂದರ ಕುತ್ತಿಗೆ ತುಸು ವಾಲುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಮಾಡಿದ್ದು ದುರಸ್ತಿಗೆ ಬಂದರೂ ಅಜ್ಜ ಕೈಯಲ್ಲಿ ಹಿಡಿದೊಡನೆ ಇದು ಹುನಗುಂದದ ಇಂಥವರದು, ಇದು ಬನಶಂಕರಿಯ ಇಂಥವರದು ಎಂದು ಗುರುತು ಹೇಳುತ್ತಿದ್ದ. ಅವನದು ಒಂದೇ ಕಟ್ಟುನಿಟ್ಟು. ಕಟ್ಟಿಕೊಂಡವರ ಕರಡಿಗೆಯನ್ನು ನಾವು ತೆರೆಯಬಾರದು, ಅವರೇ ತಮ್ಮ ಕೈಯಿಂದ ತೆರೆದು ಲಿಂಗ ತೆಗೆದುಕೊಂಡು ಖಾಲಿಯಾದದ್ದನ್ನು ಕೊಡಬೇಕು.

ಅಪ್ಪ ಕೈಯಿಂದ ತಿರುವುವ ಒಂದು ಹಳೆಯ ಒತ್ತುಯಂತ್ರ ತಂದದ್ದು ಆ ವರ್ಷವೇ. ದಿನಕ್ಕೆ ಹನ್ನೆರಡು ಕರಡಿಗೆ ಎದ್ದು ಬರುತ್ತಿದ್ದವು. ಅವುಗಳ ಕೊಂಡಿಗಳನ್ನು ಒಮ್ಮೆಗೇ ಕೆಂಡದ ಮೇಲಿಟ್ಟು ಬೆಸೆಯುತ್ತಿದ್ದರು. ಅಜ್ಜ ಅದಕ್ಕೆ ಬೇಡವೆನ್ನಲಿಲ್ಲ. ಒಂದನ್ನು ಹಿಡಿದು ನೋಡಿ, "ಚಲೋನ ಅದಾವು. ಆದ್ರ ಇವಕ್ಕ ಮಾರಿ ಇಲ್ಲ" ಎಂದ, ಮುಖ ನೋಡಿ ಗುರುತು ಹಿಡಿಯುವವನಂತೆ ಅದನ್ನು ತಿರುಗಿಸುತ್ತ. ಅಪ್ಪ ನಕ್ಕ. ಆಗ ಇಪ್ಪತ್ತೆರಡು ವರ್ಷದವನಾಗಿದ್ದ ಕಾಕಾನೂ ನಕ್ಕ.

ಆ ಮಂಗಳವಾರ ಕಮತಗಿಯಿಂದ ಸಂಗಪ್ಪಜ್ಜ ಬಂದಿದ್ದರು, ಜೊತೆಗೆ ಅವರ ಸೊಸೆ ಪಾರವ್ವ. ಸಂಗಪ್ಪಜ್ಜರ ಹಳೆಯ ಕರಡಿಗೆ ಸವೆದು ತೂತಾಗಿತ್ತು. ಹೊಸದರಲ್ಲಿ ಲಿಂಗ ಸರಿಯಾಗಿ ಕೂಡುತ್ತದೆಯೇ ಎಂದು ಇಟ್ಟು ನೋಡಿದರು. ಕೂಡಿತು. ಮುಚ್ಚಳ ಟಪ್ ಎಂದು ಬಿಗಿಯಿತು. ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಧರಿಸುವೆನೆಂದು, ಅದನ್ನು ಮಣೆಯ ಮೇಲೆ ಮಡಿಸಿಟ್ಟ ಬಿಳಿ ವಸ್ತ್ರದ ಮೇಲಿಟ್ಟು, ಅಂಗಳದ ತೊಟ್ಟಿಯ ಕಡೆಗೆ ಹೋದರು. ಪಾರವ್ವ ಕಂಬಕ್ಕೆ ಒರಗಿ ಕೂತು ಹೊಸ ಶಿವದಾರ ಹೊಸೆಯುತ್ತಿದ್ದಳು. ಅಪ್ಪ ಅಲ್ಲೇ ಲೆಕ್ಕ ಬರೆಯುತ್ತಿದ್ದ, ಅಜ್ಜ ಕೆಲಸದ ಕೋಣೆಯಲ್ಲಿದ್ದ. ಮಣೆಯ ಪಕ್ಕದ ತಾಟಿನಲ್ಲಿ ಕೊಂಡಿ ಕೂರಿಸಿ ಬೆಸುಗೆಗೆ ಇಟ್ಟ ಹನ್ನೊಂದು ಕರಡಿಗೆ ಇದ್ದವು; ಅವರದಕ್ಕೆ ಮಾತ್ರ ಬೆಳಗ್ಗೆಯೇ ಬೆಸುಗೆಯಾಗಿತ್ತು, ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಆಗ ಒಂದು ಕೈ ಮಣೆಯ ಮೇಲಿನದನ್ನು ಎತ್ತಿ ತಾಟಿನಲ್ಲಿಟ್ಟಿತು, ಹಿಂದಿನ ಸಾಲಿನಲ್ಲಿ ಎಡದಿಂದ ಎರಡನೆಯದಾಗಿ. ಗಿರಾಕಿಗೆ ತೋರಿಸಿದ ಮಾಲನ್ನು ತಿರುಗಿ ಅದರ ಜಾಗದಲ್ಲಿ ಇಡುವ ರೂಢಿಯ ಕೈ ಅದು. ಜೋಪಾನಕ್ಕೆ ಎತ್ತಿಟ್ಟರೆಂದುಕೊಂಡು ನಾನು ನೋಡುತ್ತಲೇ ನಿಂತೆ. ಸ್ವಲ್ಪ ಹೊತ್ತಿಗೆ ಕಾಕಾ ಒಳಗಿನಿಂದ ಬಂದು ತಾಟನ್ನು ಎತ್ತಿಕೊಂಡು ಹೋಗಿ ಹನ್ನೆರಡನ್ನೂ ಕೆಂಡದ ಮೇಲೆ ಜೋಡಿಸಿ ತಿದಿ ಒತ್ತತೊಡಗಿದ.

ಸಂಗಪ್ಪಜ್ಜ ಮುಖದಿಂದ ನೀರಿಳಿಸುತ್ತ ಬಂದು ಮಣೆ ನೋಡಿದರು. "ನಂದೆಲ್ಲೈತ್ರಿ?" ಎಂದರು. ದನಿ ಏರಿರಲಿಲ್ಲ.

ಅಜ್ಜ ಎದ್ದ ರೀತಿ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೊಣಕಾಲು ನೋವಿನ ಮುದುಕ ಎರಡೇ ಹೆಜ್ಜೆಗೆ ಒಲೆ ಮುಟ್ಟಿ ತಿದಿಯ ಮೇಲೆ ಕಾಲಿಟ್ಟ. ಅವ್ವ ಕೊಡ ಹಿಡಿದು ಓಡಿ ಬಂದಳು. "ನೀರ ಹಾಕಬ್ಯಾಡ. ಕಲ್ಲ ಸೀಳತೈತಿ" ಎಂದ ಅಜ್ಜ. ಇಕ್ಕಳದಿಂದ ಒಂದೊಂದನ್ನೇ ಎತ್ತಿ ಉಸುಕಿನ ಮೇಲಿಟ್ಟ. ಹನ್ನೆರಡೂ ಒಂದೇ ತೆರ. ಯಾವುದು ಎಂದು ಅಜ್ಜ ಕೇಳಿದ. ಹಿಂದಿನ ಸಾಲು, ಎಡದಿಂದ ಎರಡನೆಯದು ಎಂದು ನಾನು ಹೇಳಿದೆ. ಆದರೆ ಕೆಂಡದ ಮೇಲೆ ಯಾವ ಸಾಲನ್ನು ಮೊದಲು ಇಟ್ಟೆನೆಂದು ಕಾಕಾನಿಗೆ ನೆನಪಿರಲಿಲ್ಲ. ಅವನ ತುಟಿ ಬೆಳ್ಳಗಾಗಿದ್ದವು.

ಆರುವವರೆಗೆ ಕಾಯಬೇಕಿತ್ತು. ಯಾರೂ ಕೂರಲಿಲ್ಲ. ಸಂಗಪ್ಪಜ್ಜ ಮಾತ್ರ ಉಸುಕಿನ ಮುಂದೆ ಕೂತು, ಪೂಜೆಗೆ ಹಿಡಿಯುವಂತೆ ಎಡ ಅಂಗೈ ತೆರೆದುಕೊಂಡಿದ್ದರು. ಅದರಲ್ಲಿ ಏನೂ ಇರಲಿಲ್ಲ. ಲಿಂಗ ಮೈಮೇಲಿಲ್ಲದೆ ಅವರು ಹನಿ ನೀರೂ ಕುಡಿಯುವವರಲ್ಲ. ಅದಕ್ಕೆ ಕೇಡಾದರೆ ಜೀವ ಬಿಡುವವರಿದ್ದಾರೆಂದು ದೊಡ್ಡವರು ಮಾತಾಡಿದ್ದನ್ನು ನಾನು ಕೇಳಿದ್ದೆ. ನಮ್ಮ ಮನೆಯಲ್ಲಿ ಒಬ್ಬರು ಸಾಯುತ್ತಾರೆ ಎಂದು ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು.

ತೆರೆದವರು ಅವರೇ. ಒಂದು ಖಾಲಿ. ಎರಡು ಖಾಲಿ. ಏಳನೆಯದರಲ್ಲಿ ಇತ್ತು. ಲಿಂಗದ ಮೇಲಿನ ಕರಿಯ ಕವಚ, ಅದನ್ನು ಕಂತಿ ಎನ್ನುತ್ತಾರೆ, ಒಂದು ಬದಿಗೆ ಕರಗಿ ಬೆಳ್ಳಿಗೆ ಅಂಟಿತ್ತು. ಒಳಗಿನ ಕಲ್ಲು ಸೀಳಿತ್ತೋ ಇಲ್ಲವೋ ನಾನಿದ್ದ ಜಾಗದಿಂದ ಕಾಣಲಿಲ್ಲ. ಅವರು ಅದನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡು ಎದ್ದರು.

ಮಣೆಯ ಮೇಲಿನದನ್ನು ತಾಟಿನಲ್ಲಿ ಹಾಕಿದವರು ಯಾರು ಎಂದು ಅಜ್ಜ ಕೇಳಿದ. ಕಾಕಾ, "ತಾಟ ತಂದಾವ ನಾನ ಅಪ್ಪಾ. ನಾ ನೋಡಲಿಲ್ಲ" ಎಂದು ಅಳತೊಡಗಿದ. ಪಾರವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. "ಯಾರ ಕೈ ಅಂತ ಕೇಳಿ ಏನ್ ಮಾಡೂದೈತ್ರಿ ಈಗ" ಎಂದು ಅವಳು ಮಾವನ ಹಿಂದೆ ಹೊರಟಳು.

ಅಲ್ಲಿಂದ ಐದು ದಿನ ನಮ್ಮ ಮನೆಯಲ್ಲಿ ಸುತ್ತಿಗೆ ಏಳಲಿಲ್ಲ. ಬಾಗಿಲ ಮುಂದೆ ಸೈಕಲ್ ನಿಂತರೆ ಕಮತಗಿಯಿಂದ ಸಾವಿನ ಸುದ್ದಿ ಬಂತೇನೋ ಎಂದು ಅವ್ವ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದಳು. ಐದನೆಯ ದಿನ ಅಜ್ಜ ಕಮತಗಿಗೆ ಹೋದ. ಸಂಜೆ ಬಂದವನು ಚಪ್ಪಲಿ ಬಿಡುವ ಮೊದಲೇ, "ಉಂಡಾರ" ಎಂದ. ಕಲ್ಲಿಗೆ ಏನೂ ಆಗಿರಲಿಲ್ಲ. ಕೂಡಲಸಂಗಮದ ಕಡೆಯವರಿಂದ ಹೊಸ ಕಂತಿ ಕಟ್ಟಿಸಿಕೊಂಡು ನಾಲ್ಕು ದಿನದ ಮೇಲೆ ತುತ್ತು ಮುಟ್ಟಿದ್ದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆದರೆ ಕಾಕಾ ಮತ್ತೆ ಒಲೆಯ ಮುಂದೆ ಕೂರಲಿಲ್ಲ. ಅಪ್ಪ ಅವನಿಗೆ ಕೂರು ಎಂದು ಹೇಳಲೂ ಇಲ್ಲ. ವರ್ಷದೊಳಗೆ ಅವನು ಮನೆ ಬಿಟ್ಟು ಬಸ್ಸಿನ ಕೆಲಸಕ್ಕೆ ಸೇರಿದ. ಅಜ್ಜ ತೀರಿದ, ಯಂತ್ರ ಮೂಲೆ ಸೇರಿತು, ಅಪ್ಪನೊಬ್ಬನೇ ಸಂಜೆಯವರೆಗೆ ಕೂತು ಹಳೆಯ ಕಾಲುಂಗುರ ಬೆಳಗುತ್ತಿದ್ದ. ಮನೆ ಹೀಗೆಯೇ ಸಣ್ಣಗಾಗುತ್ತ ಬಂದು ಒಂದು ದಿನ ಇಲ್ಲವಾಯಿತು.

ಸವಿತಾ ಶುಕ್ರವಾರದೊಳಗೆ ಕಾರ್ಖಾನೆಗೆ ಉತ್ತರ ಹೇಳಬೇಕಾಗಿದೆ. ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಸಾಲದೆ ಮೊನ್ನೆ ಕಮತಗಿಗೆ ಹೋಗಿ ಪಾರವ್ವನನ್ನು ಕಂಡೆ. ಎಪ್ಪತ್ತು ದಾಟಿದ್ದಾಳೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದಳು. ಆವತ್ತು ಆ ಕೈ ಯಾರದು ಎಂದು ಕೇಳಿದೆ.

"ನಿಮ್ಮಪ್ಪಂದು. ಜ್ವಾಪಾನಕ್ಕ ಎತ್ತಿಟ್ಟಾರ ಅಂದ್ಕೊಂಡೆ. ನೀನೂ ನೋಡೀದಿ. ನೀ ಹೇಳ್ತೀ ಅಂತ ನಾ ಕಾಯ್ದೆ, ತಂಗಿ."

ಅಪ್ಪನಿಗೆ ಅದು ಗೊತ್ತಿತ್ತೋ, ರೂಢಿಯ ಕೈ ಮಾಡಿದ್ದು ಅವನ ಮನಸ್ಸಿಗೆ ಬಂದೇ ಇರಲಿಲ್ಲವೋ, ನಾನು ಹೇಳಲಾರೆ. ಆ ದಿನ ಅವನು ಒಮ್ಮೆ ನನ್ನ ಕಡೆ ನೋಡಿದ. ಅಷ್ಟು ಕಂಡದ್ದು ನಿಜ. ನಾನು ಹೆದರಿದ್ದೆ. ಹತ್ತು ವರ್ಷಕ್ಕೆ ಹೆದರಿದ್ದು ಸರಿ, ಮೂವತ್ತಕ್ಕೂ ನಲವತ್ತಕ್ಕೂ ಹೆದರಿಯೇ ಇದ್ದೆ.

ನಾಳೆ ನವನಗರಕ್ಕೆ ಹೋಗುತ್ತೇನೆ. ಸವಿತಾಳಿಗೆ ಹೇಳುವ ಮೊದಲು ಕಾಕಾನಿಗೆ ಹೇಳಬೇಕು. ಅವನ ಕೈ ಮತ್ತೆ ಸುತ್ತಿಗೆ ಹಿಡಿಯುತ್ತದೋ, ನಲವತ್ತು ವರ್ಷ ಎಲ್ಲಿ ಹೋದವೆಂದು ನನ್ನನ್ನು ಕೇಳುತ್ತಾನೋ, ತಿಳಿಯದು.

ಆ ದಿನ ಆ ಮನೆಯಲ್ಲಿದ್ದವರಲ್ಲಿ ಅಜ್ಜ ಇಲ್ಲ, ಅಪ್ಪ ಇಲ್ಲ, ಅವ್ವ ಇಲ್ಲ, ಸಂಗಪ್ಪಜ್ಜರಿಲ್ಲ. ನೋಡಿದವರಲ್ಲಿ ನಾನಿದ್ದೇನೆ. ಕಮತಗಿಯಲ್ಲಿ ಪಾರವ್ವ ಇದ್ದಾಳೆ. ಮಾನಪ್ಪ ಕಾಕಾ ಇದ್ದಾನೆ, ಅವನು ನೋಡಿರಲಿಲ್ಲ.