ಕೆಲಸಕ್ಕೆ ಸೇರಿದ ದಿನಾಂಕ

ಅದು ಗುರುವಾರವೋ ಶುಕ್ರವಾರವೋ ಖಚಿತವಿಲ್ಲ. ನೇಮಕಾತಿ ಪತ್ರಗಳನ್ನು ಊಟಕ್ಕೆ ಮೊದಲೇ ಹಂಚಿದೆ ಎಂದು ನನ್ನ ದಿನಚರಿಯಲ್ಲಿದೆ. ನೆನಪಿನಲ್ಲಿ ಮಾತ್ರ ಎಲ್ಲರೂ ಊಟದ ಡಬ್ಬಿ ತೊಳೆಯುತ್ತಿದ್ದಾರೆ. ಎರಡರಲ್ಲಿ ಒಂದು ತಪ್ಪು. ಓದುವಾಗ ನಾನು ಒಂದು ಸಾಲು ಬಿಟ್ಟೆ ಎಂಬುದರಲ್ಲಿ ಅನುಮಾನವಿಲ್ಲ.

ಹಿನಕಲ್‌ನಲ್ಲಿ ನನ್ನ ಸೋದರಮಾವನ ಊದುಬತ್ತಿ ಘಟಕವಿದೆ. ಹನ್ನೆರಡು ಹೆಂಗಸರು ಅಲ್ಲಿ ಬತ್ತಿ ಎಣಿಸಿ ಪ್ಯಾಕ್ ಮಾಡುತ್ತಾರೆ. ಎಂ.ಎ. ಮುಗಿಸಿದಾಗಿನಿಂದ ಅಲ್ಲಿನ ಕಾಗದಪತ್ರ ನೋಡಿಕೊಳ್ಳುವವಳು ನಾನು. ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ, ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಲೇಬೇಕೆಂದು ಆಡಿಟರು ಮಾವನಿಗೆ ಹೇಳಿದರು. ಅಲ್ಲಿಯವರೆಗೆ ಯಾರಿಗೂ ಪತ್ರವಿರಲಿಲ್ಲ. ಪರಿಚಯದವರ ಜೊತೆ ಬಂದು ಕೂತರೆ ಕೆಲಸ ಸಿಕ್ಕಿತು, ಆಯುಧಪೂಜೆಗೆ ಮಾವ ಸೀರೆ ಕೊಟ್ಟರೆ ಕೆಲಸ ಗಟ್ಟಿಯಾಯಿತು. ಅಷ್ಟೇ.

ಪತ್ರದಲ್ಲಿ ಕೆಲಸಕ್ಕೆ ಸೇರಿದ ದಿನಾಂಕ ಬರೆಯಬೇಕಿತ್ತು. "ಹಳೇದೆಲ್ಲಾ ಕೆದಕೋಕೆ ಹೋಗ್ಬೇಡ ಕಣಮ್ಮ. ಎಲ್ಲಾರಿಗೂ ಈ ತಿಂಗಳ ಒಂದನೇ ತಾರೀಕು ಹಾಕ್ಬುಡು," ಎಂದರು ಮಾವ. ಐದು ವರ್ಷ ದುಡಿದವರು ಬಿಟ್ಟು ಹೋಗುವಾಗ ಗ್ರಾಚುಯಿಟಿ ಕೊಡಬೇಕೆಂಬುದು ಹಳೆಯ ಕಾನೂನಿನಲ್ಲೂ ಇತ್ತು. ಯಾರೂ ಕೇಳಿರಲಿಲ್ಲ. ಹಳೆಯ ದಿನಾಂಕದ ಪತ್ರ ಕೈಗೆ ಬಂದರೆ ಕೇಳಬಹುದೆಂಬ ಭಯ ಮಾವನಿಗೆ. ಅವರು ಕೆಟ್ಟವರಲ್ಲ. ಈ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ನಾನೂ ಬೇಡ ಅನ್ನಲಿಲ್ಲ.

ಹಂಚುವಾಗ ಹೆಂಗಸರಿಗೆಲ್ಲ ನಗು. "ಮೊಮ್ಮಕ್ಕಳಾದ್ಮೇಲೆ ಲಗ್ನಪತ್ರಿಕೆ ಕೊಡ್ತಾವ್ರೆ ನೋಡ್ರೇ," ಎಂದರು ಅವರಲ್ಲೇ ಹಿರಿಯಾಕೆ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಆಕೆ ಅಲ್ಲಿದ್ದಾರೆ. ಓದು ಬಾರದು, ಪತ್ರವನ್ನು ನನ್ನ ಕೈಗೇ ಕೊಟ್ಟು ಓದಿ ಹೇಳಲು ಕೇಳಿದರು. ಹೆಸರು, ಕೆಲಸದ ವೇಳೆ, ಸಂಬಳ, ರಜೆ, ಎಲ್ಲ ಓದಿದೆ. ದಿನಾಂಕದ ಸಾಲು ಬಿಟ್ಟೆ. ಅದನ್ನು ಬಿಡಲು ಮಾವ ಹೇಳಿರಲಿಲ್ಲ. ಆಕೆ ನಂಬಿ ಹೆಬ್ಬೆಟ್ಟು ಒತ್ತಿ, ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿಕೊಂಡರು.

ಕಳೆದ ತಿಂಗಳು, ಕಣ್ಣು ಮಂಜಾಗಿ ಬತ್ತಿ ಎಣಿಸಲು ಆಗುತ್ತಿಲ್ಲ, ಕೆಲಸ ಬಿಡುತ್ತೇನೆ ಎಂದು ಹೇಳಲು ಆಕೆ ಆಫೀಸಿನೊಳಗೆ ಬಂದರು. ಮಗಳು ಪತ್ರ ಓದಿದ್ದಳಂತೆ. ಜಗಳದ ದನಿಯಿರಲಿಲ್ಲ.

"ಹದಿನೆಂಟು ಆಯುಧಪೂಜೆ ಸೀರೆ ಅವೆ ನನ್ ತಾವ. ಮೊನ್ನೆ ಸೇರ್ದೋಳ್ಗೆ ಅಷ್ಟು ಸೀರೆ ಎಂಗೆ ಬಂದ್ವು ಕಣವ್ವ?"

ಮಾವ ಫೋನ್ ಹಿಡಿದು ಹೊರಗೆ ಹೋದರು. ಫೋನ್ ರಿಂಗಾಗಿತ್ತೇ ಎಂಬುದು ನನಗೆ ನೆನಪಿಲ್ಲ. ಪತ್ರವೇ ಇಲ್ಲದಿದ್ದಾಗ ಆಕೆಯ ಮಾತಿಗೆ ಎದುರು ಸಾಕ್ಷಿಯಿರಲಿಲ್ಲ. ಈಗ ಇದೆ, ನಾನು ಟೈಪ್ ಮಾಡಿದ್ದು.

ಅಂದು ಸಂಜೆಯೇ ಮಾವನನ್ನು ಕೇಳಿದೆ. ಮೂರು ವಾರವಾಯಿತು, ಸಿಕ್ಕಾಗಲೆಲ್ಲ ಬೇರೆ ಮಾತು ತೆಗೆಯುತ್ತಾರೆ. ನಾನು ಕೇಳಿದ್ದು ಇಷ್ಟು: "ಸೇರಿದ ವರ್ಷಾನೇ ಹಾಕಿ ಇನ್ನೊಂದು ಪತ್ರ ಮಾಡ್ತೀನಿ ಮಾವ, ಸೈನ್ ಹಾಕ್ತೀರಾ?"