ಕಟಕಟೆಯಲ್ಲಿ ಅಳುವ ಪಾತ್ರ

ಅವ್ವನ ತಂಗಿ ಚಿಗವ್ವನನ್ನು ಗಂಡ ಬಿಟ್ಟಾಗ ಜೀವನಾಂಶದ ಕೇಸು ಹಾಕಲು ಅಜ್ಜ ಆಕೆಯನ್ನು ಹೊಸಪೇಟೆಯ ವಕೀಲರೊಬ್ಬರ ಹತ್ತಿರ ಕರೆದೊಯ್ದ. ಬಿ.ಎ. ಕೊನೆಯ ವರ್ಷದಲ್ಲಿದ್ದ ನಾನೂ ಜೊತೆಗಿದ್ದೆ. ವಕೀಲರು ಎಲ್ಲವನ್ನೂ ಅಜ್ಜನನ್ನೇ ಕೇಳಿದರು: ಗಂಡ ಹೊಡೆಯುತ್ತಿದ್ದನೇ, ಎಂದಿನಿಂದ ತವರಿನಲ್ಲಿದ್ದಾಳೆ, ಮತ್ತೆ ಹೋಗಿ ಬಾಳಲು ಒಪ್ಪುತ್ತಾಳೆಯೇ. ಹೊಡೆತ ತಿಂದವಳು ಪಕ್ಕದ ಬೆಂಚಿನ ಮೇಲೆಯೇ ಕೂತಿದ್ದಳು. ವಾಪಸ್ ಬರುವಾಗ ಕಂಪ್ಲಿ ಬಸ್ಸು ಕಮಲಾಪುರ ದಾಟಿದ ಮೇಲೆ ಚಿಗವ್ವ, "ನನ್ನ ಮಾರಿ ಸೈತ ನೋಡ್ಲಿಲ್ಲಲ್ಲೇ ಅವ್ರು," ಅಂದಳು.

ನನಗೆ ಮೈಯೆಲ್ಲ ಉರಿಯಿತು. ನಮ್ಮೂರು ಮೆಟ್ರಿಯ ಮನೆಗೆ ಬಂದವಳೇ ಲಾ ಓದುತ್ತೇನೆ ಅಂದೆ. ಅಪ್ಪನಿಗೆ ನನ್ನನ್ನು ಬಿ.ಎಡ್. ಮಾಡಿಸುವ ಮನಸ್ಸು. ಕರಿ ಕೋಟಿನ ಹುಡುಗಿಗೆ ಗಂಡು ಸಿಗುವುದಿಲ್ಲ ಅಂದ. ವಾರಗಟ್ಟಲೆ ನಾವಿಬ್ಬರೂ ಮಾತು ಬಿಟ್ಟೆವು. ಕೊನೆಗೆ ಅವ್ವನೇ ಒಪ್ಪಿಸಿದಳು.

ಲಾ ಕಾಲೇಜಿನಲ್ಲಾದರೂ ಬೇರೆ ಇರುತ್ತದೆ ಎಂದುಕೊಂಡಿದ್ದೆ. ಪುಸ್ತಕಗಳೆಲ್ಲ ಇಂಗ್ಲಿಷಿನವು, ಒಂದು ತೀರ್ಪು ಓದಿ ಮುಗಿಸುವುದರೊಳಗೆ ತಲೆ ಗಿರ್ ಅನ್ನುತ್ತಿತ್ತು. ಅದನ್ನು ತಾಳಿಕೊಂಡೆ. ತಾಳಲಾಗದ್ದು ಎರಡನೇ ವರ್ಷದ ಅಣಕು ನ್ಯಾಯಾಲಯ. ಅಲ್ಲಿಯೂ ಜೀವನಾಂಶದ್ದೇ ಕೇಸು. ಪಾಠ ಮಾಡುವ ಸರ್ ವಕೀಲರ ಪಾತ್ರಗಳನ್ನೆಲ್ಲ ಹುಡುಗರಿಗೆ ಹಂಚಿ ನನ್ನನ್ನು ಹೆಂಡತಿ ಮಾಡಿದರು. ಕಟಕಟೆಯಲ್ಲಿ ನಿಂತು ವೇಲಿನಿಂದ ಕಣ್ಣೊರೆಸಿಕೊಂಡರೆ ಸಾಕಂತೆ. ಹುಡುಗರು ನಕ್ಕರು.

"ನಾನು ವಕೀಲಿ ಕಲಿಯಾಕ ಬಂದೀನ್ರಿ ಸರ್, ಅಳಾಕಲ್ಲ," ಅಂದೆ.

"ಹಂಗಾದ್ರ ಹೊರಗ ಹೋಗಿ ನಿಂದ್ರಮ್ಮ," ಅಂದರು.

ಹೋಗಿ ನಿಂತೆ. ನನ್ನ ಹಿಂದೆ ಇನ್ನೂ ಇಬ್ಬರು ಹುಡುಗಿಯರು ಎದ್ದು ಬಂದರು. ಒಬ್ಬಳು ಸಂಡೂರಿನವಳು, ಗಣಿ ಲಾರಿ ಡ್ರೈವರನ ಮಗಳು. ತರಗತಿಯಲ್ಲಿ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಮೂವರೂ ದೂರು ಹೇಳಲು ಹೋದಾಗ ಪ್ರಿನ್ಸಿಪಾಲರ ಮುಂದೆ ಮಾತಾಡಿದ್ದು ಅವಳೇ. ಇಂಟರ್ನಲ್ ಮಾರ್ಕ್ಸು ಆ ಸರ್ ಕೈಯಲ್ಲಿವೆ, ಯೋಚನೆ ಮಾಡಿ ಎಂದು ಅವರು ಮೆಲ್ಲಗೆ ಹೆದರಿಸಿದರು. "ಯೋಚನೆ ಮಾಡೇ ಬಂದೀವ್ರಿ," ಅಂದಳು.

ಮುಂದಿನ ಸಲ ಪಾತ್ರಗಳನ್ನು ಹಾಜರಿ ನಂಬರಿನ ಪ್ರಕಾರ ಹಂಚಿದರು. ನನ್ನ ಪಾಲಿಗೆ ಬಂದದ್ದು ಗಂಡನ ಪರ ವಾದ. ಹಟಕ್ಕೆ ಬಿದ್ದು ತಯಾರಾಗಿ ಹೋಗಿ ಗೆದ್ದೆ. ಆದರೂ ಸರ್ ಕೊಟ್ಟದ್ದು ಪಾಸಾಗುವಷ್ಟೇ ಮಾರ್ಕ್ಸು. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕಿಂತ ದೊಡ್ಡ ಸಿಟ್ಟೆಂದರೆ, ನನ್ನ ಓದು ಮುಗಿಯುವ ಮೊದಲೇ ಹಿರಿಯರು ರಾಜಿ ಮಾಡಿಸಿ ಚಿಗವ್ವನನ್ನು ಗಂಡನ ಮನೆಗೆ ಕಳಿಸಿದ್ದು. ಆಗಲೂ ಆಕೆಯನ್ನು ಯಾರೂ ಕೇಳಲಿಲ್ಲ.

ಈಗ ನನ್ನದೇ ಆಫೀಸಿದೆ. ಬಂದವರು ಕರಿ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತ ನನ್ನನ್ನೇ, "ವಕೀಲ್ರು ಎಷ್ಟೊತ್ತಿಗೆ ಬರ್ತಾರಮ್ಮ?" ಎಂದು ಕೇಳುತ್ತಾರೆ.