ರಸ್ತೆಗಿಳಿಸಿದ ಡ್ರಿಲ್ ಮಾಸ್ತರರು

ಕಳೆದ ಭಾನುವಾರ ಬಸ್ಸಿನಲ್ಲಿ ನನ್ನ ಪಕ್ಕದ ಅಜ್ಜಿಯೊಬ್ಬರು ಮೊಣಕಾಲಿಗೆ ಕರ್ಪೂರದೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕಂಡಕ್ಟರ್ ಮೂಗು ಮುಚ್ಚಿಕೊಂಡ. ನನಗೆ ಮಾತ್ರ ಕಣ್ಣು ತುಂಬಿ ಬಂತು. ಆ ವಾಸನೆ ನಮ್ಮ ಡ್ರಿಲ್ ಮಾಸ್ತರರದು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ, ಹಳೆಯ ಔಷಧಿ ಬಾಟಲಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಓಡುವ ಮಕ್ಕಳೆಲ್ಲ ಅದನ್ನೇ ಕಾಲಿಗೆ ಹಚ್ಚಿಕೊಳ್ಳಬೇಕು. ನಾವು ತರಗತಿಗೆ ಕಾಲಿಟ್ಟರೆ ಸಾಕು, ಗಣಿತದ ಸರ್ ಕಿಟಕಿ ತೆರೆಸುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ಸೇಡಂನ ನಮ್ಮ ಶಾಲೆಯ ಮೈದಾನದಲ್ಲಿ ಸುಣ್ಣದಿಂದ ಎಳೆದ ಇನ್ನೂರು ಮೀಟರಿನ ಟ್ರ್ಯಾಕ್ ಇತ್ತು. ಮೂರು ಸಾವಿರ ಮೀಟರ್ ಅಂದರೆ ಹದಿನೈದು ಸುತ್ತು. ಆ ಓಟದಲ್ಲಿ ಮೂರು ವರ್ಷ ನನ್ನನ್ನು ಸೋಲಿಸಿದವರಿರಲಿಲ್ಲ. ನಿಜ ಹೇಳಬೇಕೆಂದರೆ, ಸುಲೇಪೇಟದಿಂದ ಒಬ್ಬ ಜೋರು ಹುಡುಗಿ ಬರುತ್ತಾಳೆಂದು ಕಿವಿಗೆ ಬಿದ್ದರೆ ನನಗೆ ಹೊಟ್ಟೆನೋವು ಬಂದುಬಿಡುತ್ತಿತ್ತು, ಅವತ್ತು ಓಡುತ್ತಲೇ ಇರಲಿಲ್ಲ! ರಾಜ್ಯಮಟ್ಟದಲ್ಲಿ ಪದಕ ಬಂದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಇಲ್ಲದಿದ್ದರೆ ಹತ್ತನೆಯ ತರಗತಿಗೇ ಓದು ಸಾಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಶಾಲೆಯ ಎದುರು ಒಂದು ಟಿವಿ ರಿಪೇರಿ ಅಂಗಡಿ. ಒಂದು ಸಂಜೆ ಅಲ್ಲಿ ಯಾವುದೋ ಅಂತರರಾಷ್ಟ್ರೀಯ ಕೂಟದ ಹತ್ತು ಸಾವಿರ ಮೀಟರ್ ಓಟ ತೋರಿಸುತ್ತಿದ್ದರು. ಮಾಸ್ತರರು ನಮ್ಮನ್ನೆಲ್ಲ ಕರೆದೊಯ್ದು ಸಾಲಾಗಿ ನಿಲ್ಲಿಸಿದರು. ಗುಂಪಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಅಮೇರಿಕಾದವರು ಕೊನೆಯ ಮೂರು ಸುತ್ತಿನಲ್ಲಿ ಹಿಂದೆ ಬಿದ್ದರು. ಮಾಸ್ತರರು ತೊಡೆ ಬಡಿದುಕೊಂಡರು.

"ನೋಡ್ರಿ, ನೋಡ್ರಿ! ಬೂಟು, ಊಟ, ಡಾಕ್ಟರ್, ಏನ್ ಕಮ್ಮಿ ಅದ ಅವರಿಗಿ? ವರ್ಷಕ್ಕ ನಾಕು ರೇಸ್ ಓಡಿ, ಕಾಲು ಪೆಟ್ಟಿಗ್ಯಾಗ ಇಟ್ಟು ಕುಂದರ್ತಾರ. ಹಾಫ್ ಮ್ಯಾರಥಾನ್ ಓಡಬೇಕವರು, ಹಾಫ್ ಮ್ಯಾರಥಾನ್!"

ಅಂಗಡಿಯವನು ನಕ್ಕ. "ಸರ್, ಅಮೇರಿಕಾಕ್ಕ ಸೇಡಂದಿಂದ ಬುದ್ಧಿ ಹೇಳ್ತೀರೇನ್ರಿ?"

"ತಪ್ಪು ಮಾಡ್ಲಿಕತ್ತಾರಂದ್ರ ಯಾರಿದ್ರೇನು, ಹೇಳಬೇಕು."

ಅವರ ವಾದ ನಮಗೆಲ್ಲ ಬಾಯಿಪಾಠವಾಗಿತ್ತು. ಟ್ರ್ಯಾಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ, ಕೊನೆಯ ಸುತ್ತಿನ ಗಂಟೆ ಬಾರಿಸುವುದನ್ನೇ ಕಾಯುತ್ತ ಓಡುತ್ತಾರೆ. ರಸ್ತೆಯಲ್ಲಿ ಸುತ್ತಿಲ್ಲ, ಗಂಟೆಯಿಲ್ಲ. ಇಪ್ಪತ್ತೊಂದು ಕಿಲೋಮೀಟರ್ ನಿನ್ನನ್ನು ನೀನೇ ಎಳೆಯಬೇಕು. ಅದನ್ನು ಎಳೆದವರಿಗೆ ಟ್ರ್ಯಾಕಿನ ಕೊನೆಯ ಮೂರು ಸುತ್ತು ಅಂಗಳದಲ್ಲಿ ಓಡಾಡಿದಂತೆ. ಅದಕ್ಕಿಂತ ಮುಖ್ಯ, ಮೇಲಿಂದ ಮೇಲೆ ಓಡಿದರೆ ಮೇಲಿಂದ ಮೇಲೆ ಸೋಲುತ್ತೀರಿ, ಸೋಲಿನ ಹೆದರಿಕೆ ಸವೆದುಹೋಗುತ್ತದೆ... ಇಷ್ಟು ಹೇಳಿ ನನ್ನ ಕಡೆ ಬೆರಳು ಮಾಡಿದರು. "ನಮ್ಮ ಈಕಿನೂ ಅಮೇರಿಕಾದಾಕಿನೇ!" ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನವೇ ಶಹಾಬಾದದಿಂದ ವಾಡಿಗೆ ಹೋಗಿ ಮರಳುವ ಅರ್ಧ ಮ್ಯಾರಥಾನಿಗೆ ನನ್ನ ಹೆಸರು ಕೊಟ್ಟುಬಿಟ್ಟರು. ರಾಜ್ಯ ಕೂಟಕ್ಕೆ ಅದಾದ ಮೇಲೆ ಮೂರೇ ವಾರ. ಕಾಲು ಹೋದರೆ? ಅದಕ್ಕಿಂತ ಹೆಚ್ಚಾಗಿ, ಸೋತರೆ? ನಾನು ಅತ್ತು ರಂಪ ಮಾಡಿದೆ. ಕೊನೆಗೆ ಮಾಸ್ತರರು ಅಂದರು,

"ಆಯ್ತವಾ, ನಾನೂ ಓಡ್ತೀನಿ. ನೀ ಎಷ್ಟನೇದಾಕಿ ಬಂದ್ರೂ ನನಗಿಂತ ಮುಂದ ಇರ್ತಿ."

ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ. ಹಾಸ್ಯವೆಂದುಕೊಂಡಿದ್ದೆ. ಓಟದ ದಿನ ನೋಡಿದರೆ ಬನಿಯನ್ನಿಗೆ ನಂಬರಿನ ಬಟ್ಟೆ ಪಿನ್ನು ಮಾಡಿಕೊಂಡು ನಿಂತಿದ್ದಾರೆ!

ರಸ್ತೆಯ ಎರಡೂ ಕಡೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ರಾಶಿ, ಲಾರಿಗಳ ಧೂಳು. ವಾಡಿಯಲ್ಲಿ ತಿರುಗುವಾಗ ಕಾಳಗಿಯ ಹುಡುಗಿಯೊಬ್ಬಳು ನನ್ನನ್ನು ದಾಟಿದಳು. ಆಮೇಲೆ ಇನ್ನಿಬ್ಬರು. ಸತ್ತೇಹೋಗುತ್ತೇನೆ ಅನ್ನಿಸಿತು. ಸಾಯಲಿಲ್ಲ. ಹುಡುಗಿಯರಲ್ಲಿ ನಾಲ್ಕನೆಯವಳಾಗಿ ಮುಟ್ಟಿ, ಕಲ್ಲಿನ ಮೇಲೆ ಕುಳಿತು ಅತ್ತೆ.

ಬಹುಮಾನ ಹಂಚಿ, ಶಾಮಿಯಾನ ಬಿಚ್ಚುವ ಹೊತ್ತಿಗೆ ಜನ ನಗತೊಡಗಿದರು. ಎದ್ದು ನೋಡಿದೆ. ನಮ್ಮ ಮಾಸ್ತರರು ಎಲ್ಲರಿಗಿಂತ ಕೊನೆಗೆ, ಕುಂಟುತ್ತ ಬರುತ್ತಿದ್ದರು. ಯಾರೋ ಸೀಟಿ ಹೊಡೆದರು. ಪಕ್ಕದಲ್ಲಿದ್ದವರೊಬ್ಬರು ನನ್ನನ್ನು ಕೇಳಿದರು, "ಯಾರವಾ ಈ ಮುದುಕಪ್ಪ? ನಿಮ್ಮೂರಾವನೇನು?"

"ಗೊತ್ತಿಲ್ರಿ" ಅಂದೆ.

ಮಾಸ್ತರರು ನೇರ ನನ್ನ ಹತ್ತಿರವೇ ಬಂದು ಕುಳಿತರು. ಏದುಸಿರು ಇಳಿದ ಮೇಲೆ ನಕ್ಕರು. "ನೀನೂ ಸೋತಿ, ನಾನೂ ಸೋತೆ. ಇಬ್ಬರೂ ಜಿಂದಾ ಅದೀವಿ ನೋಡು."

ರಾಜ್ಯ ಕೂಟದಲ್ಲಿ ಸುಲೇಪೇಟದ ಆ ಹುಡುಗಿಯೂ ಇದ್ದಳು. ನನಗೆ ಹೊಟ್ಟೆನೋವು ಬರಲಿಲ್ಲ. ಕೊನೆಯ ಸುತ್ತುಗಳಲ್ಲಿ ಮೊದಲ ಬಾರಿಗೆ ನಾನು ಹಿಂದೆ ತಿರುಗಿ ನೋಡದೆ ಓಡಿದೆ. ಎರಡನೆಯ ಸ್ಥಾನ, ಹಾಸ್ಟೆಲಿನ ಸೀಟು, ಓದು, ಇವತ್ತಿನ ನನ್ನ ಈ ಕೆಲಸ... ಎಲ್ಲವೂ ಅಲ್ಲಿಂದ ಬಂದದ್ದು. ಅಂಥ ಗುರು ಎಷ್ಟು ಮಂದಿಗೆ ಸಿಗುತ್ತಾರೆ! ವಿದ್ಯಾರ್ಥಿನಿಯ ಹೆದರಿಕೆ ಬಿಡಿಸಲು ಹತ್ತೂರ ಜನರೆದುರು ತಾನೇ ಸೋತು ತೋರಿಸಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಎರಡು ಸಾವಿರದ ದಶಕದಲ್ಲಿ ಅವರು ನಿವೃತ್ತರಾದರು, ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅವತ್ತು ನಾನು "ಗೊತ್ತಿಲ್ರಿ" ಅಂದದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ... ಹತ್ತು ಹೆಜ್ಜೆ ದೂರದಲ್ಲಿದ್ದರು. ಅವರು ಯಾವತ್ತೂ ಕೇಳಲಿಲ್ಲ, ನಾನು ಯಾವತ್ತೂ ಹೇಳಲಿಲ್ಲ. ಈಗ ನಾನೂ ಡ್ರಿಲ್ ಟೀಚರ್. ನನ್ನ ಹುಡುಗಿಯರನ್ನು ರಸ್ತೆಗಿಳಿಸುತ್ತೇನೆ, ಕೊನೆಯ ಓಟಗಾರ ಬರುವವರೆಗೂ ಬಿಸಿಲಲ್ಲಿ ನಿಲ್ಲುತ್ತೇನೆ. ಆದರೂ ಸಮಾಧಾನವಿಲ್ಲ. "ನಮ್ಮ ಮಾಸ್ತರರ್ರಿ ಅವರು." ಅವತ್ತು ಇಷ್ಟು ಹೇಳಿದ್ದರೆ ಸಾಕಿತ್ತು.